ತಟ್ಟೆಯಲ್ಲಿ ಉಳಿದ ಕಾರ್ಡು

ಹೋದ ತಿಂಗಳು ನಂಜನಗೂಡಿನ ನಮ್ಮ ಚರ್ಚಿನಲ್ಲಿ ಅವರ ಸ್ಮರಣೆಯ ಕೂಟ ನಡೆಯಿತು. ಐದು ಜನ ಎದ್ದು ಮಾತಾಡಿದರು. ಐವರೂ ಹೇಳಿದ್ದು ಒಂದೇ: ದೇವರು ಕೊಟ್ಟ ವರವನ್ನು ದೇವರ ಸೇವೆಗೇ ಮುಡಿಪಿಟ್ಟ ಮನುಷ್ಯ. ಆರನೆಯವನಾಗಿ ನನ್ನನ್ನು ಕರೆದರು. ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿ ಕೂತುಬಿಟ್ಟೆ. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಬಾಯಿ ತೆರೆದಿದ್ದರೆ ಹೊರಬರುತ್ತಿದ್ದ ಮಾತು ಹಾರ ಹಾಕಿದ ಪಟದ ಮುಂದೆ ಆಡುವಂಥದ್ದಾಗಿರಲಿಲ್ಲ.

ಅಲ್ಲಿ ಆಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ನೆರಳು ಕೊಟ್ಟ ದಪ್ಪ ಅಕ್ಷರಗಳಲ್ಲಿ ಬರೆದು ಅದರ ಕೆಳಗೊಂದು ಬಳ್ಳಿ ಎಳೆಯುವುದು ಅವರಿಗೆ ಪಂಚಪ್ರಾಣ. ಸತ್ತ ಮೇಲೂ ಆ ಸಂತೋಷವನ್ನು ನಾನೇಕೆ ಕೊಡಲಿ? ನಮ್ಮಕ್ಕನಿಗೆ ಮೈಸೂರಿನಲ್ಲಿ ನರ್ಸ್ ಆಗುವ ದಾರಿ ತೆರೆದಿತ್ತು. ಈ ಮನುಷ್ಯನಿಂದಾಗಿ ಅದು ಮುಚ್ಚಿತು. ಹನ್ನೊಂದು ವರ್ಷದಿಂದ ನಾನು ಅವರನ್ನು ತಾತ್ಸಾರ ಮಾಡುತ್ತ ಬಂದದ್ದು ಅದಕ್ಕೇ.

ಅವರು ಒಂದು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರು. ನಮ್ಮ ಪುಟ್ಟ ಸಭೆಗೆ ಹಿರಿಯರು. ಸಭೆ ಎಂದರೆ ಎಲ್ಲ ಸೇರಿ ನಲವತ್ತು ಚಿಲ್ಲರೆ ಜನ. ಹಿಂದೆ ನಾಲ್ಕು ಬೆಂಚು, ಮುಂದೆ ಚಾಪೆ, ಪಕ್ಕದಲ್ಲಿ ಒಂದು ಹಾರ್ಮೋನಿಯಂ. ಸಭಾಪಾಲಕರು ಮೂರು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಮೇಷ್ಟರು ಮಾತ್ರ ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲ್ಲೇ ಇದ್ದರು. ಕೈ ಒಳ್ಳೆಯ ಕೈ, ಅದನ್ನು ಅಲ್ಲಗಳೆಯುವುದಿಲ್ಲ. ಅಳತೆಪಟ್ಟಿ ಇಲ್ಲದೆ ಎಳೆದ ಗೆರೆ ನೆಟ್ಟಗೆ ನಿಲ್ಲುತ್ತಿತ್ತು. ಅವರ 'ಕ್ರಿಸ್ತ' ಎಂಬ ಅಕ್ಷರವನ್ನು ನೋಡಿ, ಓದು ಬಾರದವರೂ ಒಂದು ಗಳಿಗೆ ಅದರ ಮುಂದೆ ನಿಲ್ಲುತ್ತಿದ್ದರು.

ಆದರೆ ಆ ಕೈಯ ಬಗ್ಗೆ ಅವರಿಗಿದ್ದ ಗೌರವವನ್ನು ನೋಡಬೇಕಿತ್ತು. ಅದು ತಲಾಂತು, ಎಂದರೆ ದೇವರು ಕೊಟ್ಟ ವರ, ದೇವರಿಗಲ್ಲದೆ ಇನ್ನೊಬ್ಬರಿಗೆ ಬಳಸಿದರೆ ಎಂಜಲಾಗುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ಇಸ್ಕೂಲಿನಲ್ಲಿ ಅವರು ಚಿತ್ರ ಬರೆಯುತ್ತಲೇ ಇರಲಿಲ್ಲ. ಸ್ಟೂಲಿನ ಮೇಲೊಂದು ಮಣ್ಣಿನ ಹೂಜಿ ಇಟ್ಟು, 'ಬರೀರಿ' ಎಂದು ಹೇಳಿ ಕುರ್ಚಿಯಲ್ಲಿ ಕೂರುವರು. ಎಂಟನೇ ಕ್ಲಾಸಿಗೂ ಹೂಜಿ, ಹತ್ತನೇ ಕ್ಲಾಸಿಗೂ ಹೂಜಿ. ನಾನೂ ಅವರ ವಿದ್ಯಾರ್ಥಿಯೇ, ಮೂರು ವರ್ಷ ಅದೇ ಹೂಜಿ ಬರೆದೆ. ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೊಮ್ಮೆ ಆ ಕಡೆ ಹೋದರೆ ಹೂಜಿ ಅಲ್ಲೇ ಇತ್ತು, ಬಾಯಿಯ ಹತ್ತಿರ ಒಂದು ಚೂರು ಒಡೆದಿತ್ತು. ಸಂಬಳ ಕೊಡುವ ಸರ್ಕಾರಕ್ಕೆ ಹೂಜಿ, ಕೈ ಮಾತ್ರ ದೇವರಿಗೆ.

ಅದೇ ಶಾಲೆಯಲ್ಲಿ ದೇವಸ್ಥಾನದ ಮನೆತನದ ಸಂಸ್ಕೃತ ಪಂಡಿತರೊಬ್ಬರಿದ್ದರು, ಮೆತ್ತನೆ ಮಾತಿನವರು. ಹೆಡ್ಮಾಸ್ತರ ನಿವೃತ್ತಿಗೆ ಬಿನ್ನವತ್ತಳೆ ಬರೆದುಕೊಡಿ ಎಂದು ಅವರು ಕೇಳಿದಾಗ ಮೇಷ್ಟರು ಕೈಯನ್ನು ಜೇಬಿಗೆ ಇಳಿಸಿದರಂತೆ.

"ಕ್ಷಮಿಸಬೇಕು ಪಂಡಿತರೇ, ಈ ಕೈ ಮನುಷ್ಯರನ್ನು ಹೊಗಳೋಕ್ಕಲ್ಲ."

ಪಂಡಿತರು ಕನ್ನಡಕ ಒರೆಸಿಕೊಂಡು, "ಅಲ್ರೀ, ನಿಮ್ಮ ದೇವರಿಗೆ ಅಷ್ಟೊಂದು ಅಕ್ಷರ ಬೇಕೇನ್ರೀ? ನಮ್ಮ ನಂಜುಂಡ ಒಂದು ಬಿಲ್ವಪತ್ರೆಗೇ ಸುಮ್ಮನಾಗಿಬಿಡ್ತಾನೆ ನೋಡಿ" ಎಂದರಂತೆ. ಈ ಮಾತನ್ನು ಪಂಡಿತರೇ ನನಗೆ ಹೇಳಿದ್ದು. ಅವತ್ತಿನಿಂದ ನನಗೆ ಅವರ ಮೇಲೆ ಪ್ರೀತಿ.

ತಮ್ಮ ವರದ ವಿಷಯ ಹೀಗಾದರೆ, ಇನ್ನೊಬ್ಬರ ವರವನ್ನು ಹುಡುಕಿಕೊಡುವ ಗುತ್ತಿಗೆಯೂ ಅವರದೇ. ಸಭೆಗೆ ಹೊಸಬರು ಬಂದರೆ ಅಥವಾ ಹುಡುಗರು ಮೀಸೆ ಬಂದು ದೊಡ್ಡವರಾದರೆ ಮೇಷ್ಟರು ಮುಂದೆ ನಿಂತು, ಕಿವಿಯ ಮೇಲಿನ ಪೆನ್ಸಿಲು ತೆಗೆದು, ತೋಳು ಚಾಚಿ ಅದನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಪೆನ್ಸಿಲಿನ ಮೇಲೆ ಜಾರಿಸುತ್ತ ಮನುಷ್ಯನನ್ನೇ ಅಳೆಯುವರು. ಹೂಜಿಯನ್ನು ಹೇಗೆ ಅಳೆಯಬೇಕೆಂದು ನಮಗೆ ಹೇಳಿಕೊಟ್ಟದ್ದೂ ಹಾಗೆಯೇ. ಆಮೇಲೆ, "ನಿಂದು ಯಾವ ತಲಾಂತಪ್ಪ?" ಎನ್ನುವರು. ಉತ್ತರವನ್ನೂ ಅವರೇ ಕೊಡುವರು.

ಕವಲಂದೆಯ ಕಡೆಯಿಂದ ಒಬ್ಬ ರೈತ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಬರುತ್ತಿದ್ದ. ಅವನನ್ನೂ ಹೀಗೇ ನಿಲ್ಲಿಸಿ ಕೇಳಿದರು.

"ನಂಗೇನ್ ಬತ್ತದೆ ಸಾ? ಉಳೋದ್ ಬತ್ತದೆ, ದನ ಮೇಯ್ಸೋದ್ ಬತ್ತದೆ" ಎಂದ ಅವನು.

"ಚರ್ಚಲ್ಲಿ ಉಳೋಕ್ಕಾಗುತ್ತೇನಯ್ಯ? ನಿನ್ನ ತೋಳು ಗಟ್ಟಿ. ಗಂಟೆ ನಿಂದು."

"ಆಗ್ಲಿ ಸಾ, ಒಡೀತೀನಿ."

ಅವನು ಎಂಥ ಭಕ್ತಿಯಿಂದ ಹೊಡೆದನೆಂದರೆ ಮೂರನೇ ಭಾನುವಾರ ಹಗ್ಗ ಕಿತ್ತು ಅವನ ಕೈಗೇ ಬಂತು.

ನನ್ನ ಸರದಿ ಬಂದದ್ದು ನನಗೆ ಇಪ್ಪತ್ತು ತುಂಬಿದಾಗ. ನಾನು ಹಾಡುತ್ತೇನೆ ಎಂಬ ನಂಬಿಕೆ ನನಗಿತ್ತು. ಅಮ್ಮನಿಗೂ ಇತ್ತು. ಮೇಷ್ಟರು ಪೆನ್ಸಿಲು ಹಿಡಿದು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದು, "ಚಾಪೆ" ಎಂದರು. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಚಾಪೆ ಹಾಸುವುದು, ಆರಾಧನೆ ಮುಗಿದ ಮೇಲೆ ಸುತ್ತಿಡುವುದು. "ಸಣ್ಣದು ಅಂದ್ಕೋಬೇಡ. ಜನ ಮೊಣಕಾಲೂರೋದು ನಿನ್ನ ಕೆಲಸದ ಮೇಲೆ" ಎಂದು ಬೆನ್ನು ತಟ್ಟಿದರು. ಟಿ. ನರಸೀಪುರದ ಒಂದು ಶಾಲೆಯಲ್ಲಿ ನಾನು ಮೇಷ್ಟರಾದ ಮೇಲೂ, ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ನಂಜನಗೂಡಿಗೆ ಬಂದು ಭಾನುವಾರ ಚಾಪೆ ಹಾಸಿದ್ದೇನೆ. ಬೈದುಕೊಂಡೇ ಹಾಸಿದ್ದೇನೆ.

ಅವರ ದೊಡ್ಡ ಮೆರವಣಿಗೆ ಇರುತ್ತಿದ್ದದ್ದು ಹೊಸ ವರ್ಷದ ದಿನ ಬೆಳಿಗ್ಗೆ. ನಮ್ಮ ಸಭೆಯಲ್ಲಿ ಅವತ್ತು ಪ್ರತಿಯೊಬ್ಬರೂ ಒಂದು ವಾಗ್ದಾನದ ಕಾರ್ಡು ಎತ್ತಿಕೊಳ್ಳುವ ಪದ್ಧತಿ. ಕಾರ್ಡಿನಲ್ಲಿ ಬೈಬಲಿನ ಒಂದು ವಚನ ಇರುತ್ತದೆ. ಆ ವರ್ಷಕ್ಕೆ ದೇವರು ನಿಮಗೆ ಹೇಳುವ ಮಾತು ಅದು. ಕಣ್ಣು ಮುಚ್ಚಿ ಎತ್ತಬೇಕು, ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಆಮೇಲೆ ಮನೆಗೆ ಒಯ್ದು ಕನ್ನಡಿಯ ಸಂದಿಗೋ ಕ್ಯಾಲೆಂಡರಿನ ಹಿಂದಕ್ಕೋ ಸಿಕ್ಕಿಸಿ ವರ್ಷವೆಲ್ಲ ನೋಡಬೇಕು. ಬೇರೆ ಕಡೆ ಅಚ್ಚಿನ ಕಾರ್ಡು ತರಿಸುತ್ತಿದ್ದರು. ನಮ್ಮಲ್ಲಿ ಮೇಷ್ಟರು ಡಿಸೆಂಬರ್ ತಿಂಗಳಿಡೀ ಕೂತು, ಡ್ರಾಯಿಂಗ್ ಹಾಳೆ ಕತ್ತರಿಸಿ, ಮೂರು ಬಣ್ಣದ ಶಾಯಿಯಲ್ಲಿ ತಲೆಗೊಂದರಂತೆ ಬರೆಯುತ್ತಿದ್ದರು. ಹಿತ್ತಾಳೆ ತಟ್ಟೆಗೆ ಕ್ರೋಶಾ ಹೆಣಿಗೆಯ ಬಟ್ಟೆ ಹಾಸಿ, ಅದರ ಮೇಲೆ ಕಾರ್ಡುಗಳನ್ನು ಬೆನ್ನು ಮೇಲಾಗಿ ಹರಡಿ, ಚಾಪೆಯಿಂದ ಚಾಪೆಗೆ ತಾವೇ ಹಿಡಿದುಕೊಂಡು ಬರುವರು. ಮುಖದಲ್ಲಿ ಆಗ ಬೆಟ್ಟದಿಂದ ದೇವರ ಆಜ್ಞೆ ಹೊತ್ತು ತಂದ ಮೋಶೆಯ ಕಳೆ.

ಈಗ ನಮ್ಮಕ್ಕನ ವಿಷಯ. ಸಭೆಯಲ್ಲಿ ಹಾರ್ಮೋನಿಯಂ ನುಡಿಸಲು ಬರುತ್ತಿದ್ದದ್ದು ಅವಳೊಬ್ಬಳಿಗೆ. ಆದರೆ ಅದು ಅವಳು ಕಲಿತ ವಿದ್ಯೆ. ಹುಟ್ಟಿನಿಂದ ಬಂದದ್ದು ಬೇರೆ. ಅಪ್ಪ ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡರು. ಆ ಎರಡು ವರ್ಷ ಅವರನ್ನು ತಿರುಗಿಸಿ ಮಲಗಿಸಿದ್ದು, ಬೆನ್ನಿನ ಹುಣ್ಣು ತೊಳೆದದ್ದು, ಬೈದರೆ ಬೈಸಿಕೊಂಡು ಗಂಜಿ ಕುಡಿಸಿದ್ದು ಅಕ್ಕ. ನಾನು ವಾಸನೆಗೆ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಮನೆಗೆ ಬರುತ್ತಿದ್ದ ಡಾಕ್ಟರಮ್ಮ ಅದನ್ನು ಕಂಡು, ಮೈಸೂರಿನ ಒಂದು ಆಸ್ಪತ್ರೆಯ ನರ್ಸಿಂಗ್ ತರಬೇತಿಗೆ ಅವಳಿಂದ ಅರ್ಜಿ ಹಾಕಿಸಿದರು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಕ್ರಿಸ್‌ಮಸ್ಸಿಗೆ ಒಂದು ವಾರ ಇರುವಾಗ, ಜನವರಿ ಹತ್ತರೊಳಗೆ ಬಂದು ಸೇರಿ ಎಂದು ಕಾಗದ ಬಂತು. ಅಕ್ಕ ಅದನ್ನು ಎಷ್ಟು ಸಲ ಓದಿದಳೋ. ಅಮ್ಮ ಒಂದು ದಿನ ಹೋಗು ಎನ್ನುವಳು, ಮರುದಿನ ಕಣ್ಣೀರು ಹಾಕುವಳು.

ಮೇಷ್ಟರು ಒಂದು ಸಂಜೆ ಮನೆಗೆ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಹಾರ್ಮೋನಿಯಂ ಯಾರು ನುಡಿಸ್ತಾರಮ್ಮ?" ಎಂದರು. ಅಷ್ಟೇ ಕೇಳಿದ್ದು.

ಅವರು ಹೋದ ಮೇಲೆ ಅಕ್ಕ ಲೋಟ ತೊಳೆದಿಟ್ಟು ಬಂದಳು. ಆಮೇಲೆ, "ಹೊಸ ವರ್ಷದ ಕಾರ್ಡು ಏನು ಹೇಳುತ್ತೋ ಹಾಗೆ ಮಾಡ್ತೀನಿ ಕಣಮ್ಮ" ಎಂದಳು. ಈ ಮಾತು ಸಭೆಗೆಲ್ಲ ಹರಡಲು ಎರಡು ದಿನ ಸಾಕಾಯಿತು.

ಅವತ್ತು ಬೆಳಿಗ್ಗೆ ಎಲ್ಲರೂ ಎತ್ತಿಕೊಂಡು ಮುಗಿದ ಮೇಲೆ ಮೇಷ್ಟರು ಹಾರ್ಮೋನಿಯಂ ಹತ್ತಿರ ಬಂದರು. ಅಕ್ಕ ಯಾವಾಗಲೂ ಕೊನೆಯವಳು. ಅವಳಾದ ಮೇಲೆ ಮೇಷ್ಟರು ತಾವೊಂದು ಎತ್ತಿಕೊಳ್ಳುವುದು ವಾಡಿಕೆ. ತಟ್ಟೆಯಲ್ಲಿ ಎರಡೇ ಕಾರ್ಡು. ಅಕ್ಕ ಕಣ್ಣು ಮುಚ್ಚಿ ಕೈ ಚಾಚಿದಳು. ನಾನು ಪಕ್ಕದಲ್ಲೇ ಚಾಪೆಯ ಮೇಲಿದ್ದೆ, ಕಣ್ಣು ಬಿಟ್ಟುಕೊಂಡು. ಮೇಷ್ಟರ ಹೆಬ್ಬೆರಳು ತಟ್ಟೆಯೊಳಗೆ ಒಂದಿಷ್ಟು ಜಾರಿ, ಕಾರ್ಡೊಂದನ್ನು ಅವಳ ಬೆರಳಿನ ಕಡೆ ನೂಕಿತು. ಅದನ್ನು ನಾನು ಕಂಡೆ. ಅಷ್ಟರಲ್ಲಿ ಅವರ ಮೊಣಕೈ ಅಡ್ಡ ಬಂತು. ಅಕ್ಕ ಕಾರ್ಡು ಎತ್ತಿಕೊಂಡು ಎದ್ದು ನಿಂತು ಓದಿದಳು. ಇದ್ದಲ್ಲೇ ಇರು, ಕಾದುಕೊಂಡಿರು, ನಿನ್ನ ಬಲ ಅದರಲ್ಲೇ ಇದೆ ಎಂಬ ಅರ್ಥದ ವಚನ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಭೆ ಸ್ತೋತ್ರ ಎಂದಿತು. ಮೇಷ್ಟರು ಬಿಳಿಚಿಕೊಂಡು ನಿಂತಿದ್ದರು, ತಟ್ಟೆ ವಾಲಿತ್ತು. ಆನಂದಕ್ಕೆ ಮಾತು ಹೊರಡುತ್ತಿಲ್ಲ ಎಂದು ನಾನು ಹಲ್ಲು ಕಚ್ಚಿದೆ. ಪ್ರತಿ ವರ್ಷ ತಮ್ಮ ಕಾರ್ಡನ್ನು ಓದಿ ಅದರ ಮೇಲೆ ಕಾಲು ಗಂಟೆ ಪ್ರಸಂಗ ಮಾಡುತ್ತಿದ್ದವರು, ಅವತ್ತು ಉಳಿದದ್ದನ್ನು ಎತ್ತಿ, ಒಮ್ಮೆ ನೋಡಿ, ಓದದೆ ಜೇಬಿಗೆ ಹಾಕಿಕೊಂಡರು. ಮಾರನೆಯ ದಿನ ಅಕ್ಕ ಆಸ್ಪತ್ರೆಗೆ ಬರಲಾಗುವುದಿಲ್ಲ ಎಂದು ಕಾಗದ ಬರೆದಳು. ಅಂಚೆಪೆಟ್ಟಿಗೆಗೆ ಹಾಕಿ ಬಂದವನು ನಾನೇ.

ಈಸ್ಟರಿನ ಹೊತ್ತಿಗೆ ನನಗೆ ಪೂರ್ತಿ ಸಾಕ್ಷಿ ಸಿಕ್ಕಿತು. ಚಾಪೆ ಹೊಲಿಯಲು ದಾರ ಹುಡುಕುತ್ತ ಚರ್ಚಿನ ಬೀರು ತೆಗೆದರೆ, ಹೊಸ ವರ್ಷಕ್ಕೆ ಬಾರದಿದ್ದವರವೆಂದು ಮೇಷ್ಟರು ತಟ್ಟೆಗೆ ಹಾಕದೆ ಎತ್ತಿಟ್ಟಿದ್ದ ಎರಡು ಕಾರ್ಡುಗಳು ಒಳಗಿದ್ದವು. ಬೆನ್ನಿನ ಮೂಲೆಯಲ್ಲಿ ಪೆನ್ಸಿಲಿನಿಂದ ಎಳ್ಳಿನಷ್ಟು ಸಣ್ಣ ಚಿತ್ರ. ಒಂದರ ಮೇಲೆ ಗಂಟೆ. ಕವಲಂದೆಯ ರೈತ ಹಸು ಕರು ಹಾಕಿತೆಂದು ಅವತ್ತು ಬಂದಿರಲಿಲ್ಲ. ಇನ್ನೊಂದರ ಮೇಲೆ ಹೂವು; ಅದು ಪೀಠಕ್ಕೆ ಹೂವಿಡುತ್ತಿದ್ದ ಪೋಸ್ಟ್‌ಮ್ಯಾನರ ಹೆಂಡತಿಯದು. ಮನೆಗೆ ಹೋಗಿ ನನ್ನ ಕಾರ್ಡು ತಿರುಗಿಸಿದೆ. ಸುತ್ತಿಟ್ಟ ಚಾಪೆ. ದೇವರು ಕೊಡುತ್ತಾನೆಂದು ನಾವು ಕಣ್ಣು ಮುಚ್ಚಿ ಕೈ ಚಾಚುತ್ತಿದ್ದೆವು, ಈ ಮನುಷ್ಯ ಗುರುತು ನೋಡಿ ನೂಕುತ್ತಿದ್ದ. ಅಕ್ಕನ ಕಾರ್ಡು ಅವಳ ಹಾಡಿನ ಪುಸ್ತಕದಲ್ಲಿತ್ತು. ಅವಳಿಲ್ಲದಾಗ ತೆಗೆದು ನೋಡಿದೆ. ಹಿಂದುಗಡೆ ಒಂದು ಹೂಜಿ. ಗಂಟೆ ಹೊಡೆಯುವವನಿಗೆ ಗಂಟೆ ಬರೆಯುವಷ್ಟು ವ್ಯವಧಾನ ಇತ್ತು, ನಮ್ಮಕ್ಕನಿಗೆ ಮಾತ್ರ ಇಸ್ಕೂಲಿನ ಹೂಜಿಯೇ ಸಾಕಾಯಿತೇ ಎಂದು ನನ್ನ ಮೈ ಉರಿದುಹೋಯಿತು. ಅಕ್ಕನಿಗಾಗಲಿ ಅಮ್ಮನಿಗಾಗಲಿ ಹೇಳಲಿಲ್ಲ. ಹೇಳಿ ಏನು ಮಾಡುವುದು? ಸೀಟು ಆಗಲೇ ಬೇರೆಯವರಿಗೆ ಹೋಗಿತ್ತು.

ಅದೇ ಜೂನ್ ತಿಂಗಳಲ್ಲಿ ಮೇಷ್ಟರಿಗೆ ಟಿ. ನರಸೀಪುರಕ್ಕೆ ವರ್ಗವಾಯಿತು. ವರ್ಗದ ಆರ್ಡರು ಅವರಿಗೆ ಹೊಸದಲ್ಲ. ಹಿಂದೆ ಎರಡು ಸಲ ಬಂದಾಗಲೂ ಮೈಸೂರಿಗೆ ಓಡಿ, ಯಾರದೋ ಕೈಕಾಲು ಹಿಡಿದು ರದ್ದು ಮಾಡಿಸಿಕೊಂಡಿದ್ದರು. ಈ ಸಲ ತುಟಿಪಿಟಕ್ಕೆನ್ನದೆ ಹೊರಟು ಬಂದು, ನನ್ನ ದುರದೃಷ್ಟಕ್ಕೆ ನಾನಿದ್ದ ವಠಾರದಲ್ಲೇ ಪಕ್ಕದ ರೂಮು ಹಿಡಿದರು. ಹೆಂಡತಿ ನಂಜನಗೂಡಿನಲ್ಲೇ ಉಳಿದರು. ಒಂದೇ ಗೋಡೆಯ ಆಚೆ ಅವರ ಪ್ರಾರ್ಥನೆ, ಈಚೆ ನನ್ನ ಹಲ್ಲು ಕಡಿಯುವಿಕೆ.

ಒಂದು ಸಂಜೆ ಸಂಗಮದ ಮೆಟ್ಟಿಲ ಮೇಲೆ ಅವರು ಒಬ್ಬರೇ ಕೂತಿದ್ದರು. ಹೋಗಿ ಕೇಳಿಯೇಬಿಟ್ಟೆ.

"ಕಾರ್ಡಿನ ಹಿಂದೆ ಗುರುತು ಹಾಕ್ತೀರಲ್ಲ ಮೇಷ್ಟ್ರೇ, ನೋಡಿದೀನಿ."

"ನೋಡಿದ್ಯಾ? ಒಳ್ಳೇದಾಯ್ತು ಬಿಡಪ್ಪ" ಎಂದರು, ನಾಚಿಕೆಯ ಸುಳಿವಿಲ್ಲದೆ.

"ಜನ ಅದನ್ನ ದೇವರು ಕೊಟ್ಟಿದ್ದು ಅಂತ ತಗೋತಾರೆ."

"ದೇವರೇ ಕೊಟ್ಟಿದ್ದು. ಡಿಸೆಂಬರ್ ಪೂರ್ತಿ ಒಬ್ಬೊಬ್ಬರನ್ನೂ ನೆನೆಸ್ಕೊಂಡು ಪ್ರಾರ್ಥನೆ ಮಾಡ್ತೀನಿ. ಯಾರಿಗೆ ಏನು ಬೇಕು ಅಂತ ಗೊತ್ತಾದ ಮೇಲೇನೇ ಬರಿಯೋದು. ಕಾಂಪೌಂಡರು ಔಷಧಿ ಬೆರೆಸಿ, ಬಾಟ್ಲಿಗಳನ್ನೆಲ್ಲ ತಟ್ಟೇಲಿಟ್ಟು, ಕಣ್ಮುಚ್ಚಿ ಒಂದನ್ನ ಎತ್ಕೋ ಅಂತಾನೇನಪ್ಪ?"

ಹೋಲಿಕೆ ಸರಿಯಾಗಿದ್ದದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು.

"ಹಾಗಾದ್ರೆ ನಮ್ಮಕ್ಕಂಗೆ ಬೇಕಾಗಿದ್ದ ಔಷಧಿ ಅದೇನಾ?"

ಮೇಷ್ಟರು ಕಿವಿಯ ಮೇಲಿನ ಪೆನ್ಸಿಲು ತೆಗೆದು, ಒಂದು ಕಣ್ಣು ಮುಚ್ಚಿ, ಎದುರು ದಡದ ಗೋಪುರವನ್ನು ಅಳೆಯತೊಡಗಿದರು.

"ನಿಮ್ಮಕ್ಕನ ಕಾರ್ಡು ನಾನೇ ಬರೆದದ್ದು. ಪ್ರಾರ್ಥನೆ ಮಾಡಿಯೇ ಬರೆದೆ" ಎಂದರು.

ಮುಂದೆ ಏನೋ ಹೇಳಲು ಬಾಯಿ ತೆರೆದರು. ನಾನು ಕೇಳಲು ನಿಲ್ಲಲಿಲ್ಲ. ತಪ್ಪೊಪ್ಪಿಗೆ ಸಿಕ್ಕಿತಲ್ಲ, ಇನ್ನೇನು ಬೇಕಿತ್ತು? ಅವತ್ತಿನಿಂದ ಅವರೊಡನೆ ಮಾತು ಬಿಟ್ಟೆ. ಶನಿವಾರದ ಬಸ್ಸಿನಲ್ಲಿ ಅವರು ಮುಂದಿನ ಬಾಗಿಲಲ್ಲಿ ಹತ್ತಿದರೆ ನಾನು ಹಿಂದಿನ ಬಾಗಿಲಲ್ಲಿ.

ಮಾತು ಬಿಟ್ಟ ಮೇಲೆ ನೋಡುವುದು ಜಾಸ್ತಿಯಾಯಿತು. ಟಿ. ನರಸೀಪುರಕ್ಕೆ ಬಂದವರು ಕಾರ್ಡು ಬರೆಯುವುದನ್ನೇ ನಿಲ್ಲಿಸಿಬಿಟ್ಟರು. ಕಣ್ಣು ಮಂಜು ಎಂದು ಸಭೆಗೆ ಹೇಳಿ ಅಚ್ಚಿನ ಕಾರ್ಡು ತರಿಸಿದರು. ಕಳ್ಳನಿಗೆ ಹೆದರಿಕೆ ಹುಟ್ಟಿದೆ ಎಂದುಕೊಂಡೆ. ಆದರೆ ಮಂಜುಗಣ್ಣಿನ ಈ ಮನುಷ್ಯ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಪೆನ್ಸಿಲು, ಬಣ್ಣದ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದರು. ಮೊದಮೊದಲು ಮಂಚಗಳಿಗೆ ನಂಬರು ಬರೆದರು. ಆಮೇಲೆ ರೋಗಿಗಳ ಊರಿಗೆ ಕಾಗದ ಬರೆದುಕೊಟ್ಟರು. ಆಮೇಲೆ ಮಾತ್ರೆಯ ಪೊಟ್ಟಣದ ಮೇಲೆ ಚಿತ್ರ. ಒಮ್ಮೆ ನನಗೆ ಜ್ವರ ಬಂದು ಅಲ್ಲಿ ಕ್ಯೂ ನಿಂತಾಗ ಮುಂದಿದ್ದ ಮುದುಕಿ ತನ್ನ ಪೊಟ್ಟಣ ತೋರಿಸಿದಳು.

"ಓದಕ್ ಬರಾಕಿಲ್ವಲ್ಲ ಕಣಪ್ಪ, ಅದ್ಕೆ ಮೇಷ್ಟ್ರು ಬರ್ಕೊಟ್ಟವ್ರೆ. ಒತ್ತು ಉಟ್ಟೋವಾಗ ಒಂದು, ನೆತ್ತಿ ಮ್ಯಾಕ್ ಬಂದಾಗ ಒಂದು, ಚಂದ್ರ ಕಂಡಾಗ ಒಂದು. ಅಮಾಸೆ ದಿಸ ಏನ್ ಮಾಡ್ಲಿ ಸಾ ಅಂದೆ, ನಕ್ಬುಟ್ರು."

ಪೊಟ್ಟಣದ ಮೇಲಿನ ಸೂರ್ಯ ಚೆನ್ನಾಗಿತ್ತು. ಕೊನೆಗೂ ಈ ಮನುಷ್ಯನಿಗೆ ಹೂಜಿ ಬಿಟ್ಟು ಇನ್ನೊಂದು ಬರೆಯಲು ಬಂತಲ್ಲ ಎಂದು ಒಳಗೇ ನಕ್ಕೆ. ನಮ್ಮಕ್ಕ ಮಾಡಬೇಕಾಗಿದ್ದ ಕೆಲಸದ ಸುತ್ತ ಇವರು ಬಣ್ಣ ಹಿಡಿದು ಓಡಾಡುವುದನ್ನು ಕಂಡರೆ ನನಗೆ ಬರುತ್ತಿದ್ದದ್ದು ಹೇಸಿಗೆ. ಮರ್ಯಾದಸ್ಥನಾಗಿದ್ದರೆ ನಮ್ಮ ಮನೆಗೆ ಬಂದು ಕ್ಷಮೆ ಕೇಳಬೇಕಿತ್ತು. ಅದೊಂದು ಬಿಟ್ಟು ಮಿಕ್ಕದ್ದೆಲ್ಲ ಮಾಡುತ್ತಿದ್ದರು.

ನಿವೃತ್ತಿಯಾಗಿ ಅವರು ನಂಜನಗೂಡಿಗೆ ವಾಪಸಾದರು. ಸಭೆಯಲ್ಲಿ ಯಾರನ್ನೂ ಪೆನ್ಸಿಲು ಹಿಡಿದು ಅಳೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಅಕ್ಕ ನುಡಿಸುವಾಗ ತಲೆ ತಗ್ಗಿಸುತ್ತಿದ್ದರು. ಅಕ್ಕ ಬೆಳಿಗ್ಗೆ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ, ಉಳಿದ ಹೊತ್ತು ಅಮ್ಮನನ್ನು ನೋಡಿಕೊಳ್ಳುತ್ತಾಳೆ. ಅಮ್ಮನಿಗೆ ಕಾಲು ಬಿದ್ದುಹೋಗಿದೆ. ಹನ್ನೊಂದು ವರ್ಷದಲ್ಲಿ ಒಂದು ಭಾನುವಾರವೂ ಹಾರ್ಮೋನಿಯಂ ತಪ್ಪಿಸಿದವಳಲ್ಲ.

ಸ್ಮರಣೆಯ ಕೂಟ ಮುಗಿದು, ಅಕ್ಕ ಹಾರ್ಮೋನಿಯಂ ಮುಚ್ಚಿ ಮನೆಗೆ ಹೊರಡುವಾಗ, ಚಾಪೆ ಸುತ್ತುತ್ತಿದ್ದ ನನ್ನ ಹತ್ತಿರ ಮೇಷ್ಟರ ಹೆಂಡತಿ ಬಂದು ಒಂದು ಲಕೋಟೆ ಕೊಟ್ಟರು.

"ಇದನ್ನ ನಿಮ್ಮನೇಗೆ ಮುಟ್ಟಿಸಬೇಕು ಅಂತ ಇಟ್ಕೊಂಡಿದ್ರಪ್ಪ. ಮೂರು ಸಲ ನಿಮ್ಮ ಗೇಟಿನ ತಂಕ ಬಂದು ಹಾಗೇ ವಾಪಸ್ ಬಂದ್ರು. ಏನೂಂದ್ರೆ ಹೇಳ್ತಿರಲಿಲ್ಲ."

ಒಳಗೆ ಒಂದು ಕಾರ್ಡು. ಅವರದೇ ಅಕ್ಷರ, ಮೂರು ಬಣ್ಣದ ಶಾಯಿ. ಎದ್ದು ಹೊರಡು, ಹೆದರಬೇಡ, ಹೋಗುವ ಕಡೆಯೆಲ್ಲ ನಾನು ನಿನ್ನ ಜೊತೆಗಿರುತ್ತೇನೆ ಎಂಬ ಅರ್ಥದ ವಚನ. ತಿರುಗಿಸಿದೆ. ಬೆನ್ನಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ನರ್ಸಿನ ಟೋಪಿ. ಮಡಿಕೆಯ ಗೆರೆಯೂ ಕಾಣುವಷ್ಟು ಜತನವಾಗಿ ಬರೆದದ್ದು.

ಅರ್ಧ ಸುತ್ತಿದ ಚಾಪೆಯ ಮೇಲೆ ಕೂತುಬಿಟ್ಟೆ. ಹೂಜಿ ಅವರ ಸ್ವಂತ ಗುರುತು. ವರ್ಗದ ಭಯಕ್ಕೆ ತಮಗಾಗಿ ಬರೆದುಕೊಂಡಿದ್ದರು, ಇದ್ದಲ್ಲೇ ಇರು ಎಂದು. ಅವತ್ತು ಹೆಬ್ಬೆರಳು ಅಕ್ಕನ ಕಡೆ ನೂಕಿದ್ದು ಈ ಟೋಪಿಯ ಕಾರ್ಡನ್ನು. ಅಕ್ಕ ಎತ್ತಿದ್ದು ಇನ್ನೊಂದನ್ನು. ಅವಳ ಕಾರ್ಡು ಹಿಡಿದು ಅವರು ಹೊರಟರು, ಅವರ ಕಾರ್ಡು ಹಿಡಿದು ಅವಳು ನಿಂತಳು.

ಇಷ್ಟು ತಿಳಿದ ಮೇಲೆ ನನ್ನ ತಾತ್ಸಾರ ಇಳಿಯಿತೇ ಎಂದರೆ, ಇಲ್ಲ. ಇನ್ನೂ ಹೆಚ್ಚಾಯಿತು. ಆ ಬೆಳಿಗ್ಗೆಯೇ, 'ಅದು ನಿಂದಲ್ಲಮ್ಮ, ಇದು ನಿಂದು' ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಿದರೆ ತಟ್ಟೆಯ ಗುಟ್ಟು ಸಭೆಯ ಮುಂದೆ ಬಯಲಾಗುತ್ತಿತ್ತು. ಹೇಳದಿದ್ದರೆ ಹಾರ್ಮೋನಿಯಂ ಉಳಿಯುತ್ತಿತ್ತು. ಅವರು ಹೇಳಲಿಲ್ಲ. ಜನವರಿ ಹತ್ತರವರೆಗೂ ಸಮಯ ಇತ್ತು, ಆಗಲೂ ಹೇಳಲಿಲ್ಲ. ಊರಿನ ರೋಗಿಗಳಿಗೆಲ್ಲ ಸೂರ್ಯ ಚಂದ್ರ ಬರೆದುಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಂಡ ಮನುಷ್ಯನಿಗೆ ನಮ್ಮ ಗೇಟಿನ ಅಗುಳಿ ತೆಗೆಯಲು ಕೈ ಬರಲಿಲ್ಲ. ಹೇಡಿ ಎಂಬುದಕ್ಕಿಂತ ಒಳ್ಳೆಯ ಮಾತು ನನಗೆ ಸಿಗುತ್ತಿಲ್ಲ.

ಮನೆಗೆ ಬಂದಾಗ ಅಕ್ಕ ಅಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಕಾರ್ಡನ್ನು ಅವಳ ಕೈಗೆ ಕೊಡಬೇಕೆಂದೇ ಜೇಬಿಗೆ ಕೈ ಹಾಕಿದ್ದೆ. ಅವಳೇ ಮಾತು ತೆಗೆದಳು.

"ಮೇಷ್ಟ್ರ ತಟ್ಟೆ ನೆನಪಿದ್ಯೇನೋ? ಹೆಬ್ಬೆರಳಲ್ಲಿ ನೂಕ್ತಿದ್ರು. ಕಣ್ಣು ಮುಚ್ಚಿದ್ರೂ ಬೆರಳಿಗೆ ತಾಗೋದು."

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಆ ವರ್ಷಾನೂ ನೂಕಿದ್ರು. ಹಾರ್ಮೋನಿಯಂಗೋಸ್ಕರ ನಿಲ್ಲು ಅಂತಾನೇ ಬರೆದಿರ್ತಾರೆ, ಅದು ಬೇಡ, ದೇವರು ಹೇಳೋದು ಬೇಕು ಅಂತ ಇನ್ನೊಂದನ್ನ ತಗೊಂಡೆ. ಅದರಲ್ಲೂ ನಿಲ್ಲು ಅಂತಾನೇ ಇತ್ತು ನೋಡು. ಆಮೇಲೆ ನನಗೆ ಒಂದು ದಿನಾನೂ ಅನುಮಾನ ಬರಲಿಲ್ಲ ಕಣೋ. ಎಷ್ಟೋ ಸಲ ಅಳು ಬಂದಿದೆ, ಅನುಮಾನ ಬಂದಿಲ್ಲ."

ಅಮ್ಮ ನರಳಿದಳು. ಅಕ್ಕ ಅವಳ ಮಗ್ಗುಲಿಗೆ ಕೈ ಕೊಟ್ಟು, ಒಂದಿಷ್ಟೂ ನೋವಾಗದಂತೆ ಆ ಕಡೆಗೆ ತಿರುಗಿಸಿದಳು. ಮೈಸೂರಿನ ಯಾವ ಆಸ್ಪತ್ರೆಯಲ್ಲೂ ನಾನು ಅಂಥ ಕೈ ನೋಡಿಲ್ಲ.

"ಅವರ ಮನೆಯವರು ಏನೋ ಲಕೋಟೆ ಕೊಟ್ರಲ್ಲ, ಏನದು?" ಎಂದಳು.

"ಏನಿಲ್ಲ. ಹಳೇ ಕಾರ್ಡು. ಹಿಂದುಗಡೆ ಒಂದು ಹೂಜಿ ಬರ್ಕೊಂಡಿದಾರೆ."

ಅಕ್ಕ ನಕ್ಕಳು. "ನಂದರ ಹಿಂದೇನೂ ಹೂಜೀನೇ ಇದೆ. ಪಾಪ, ಅವರಿಗೆ ಬೇರೇನೂ ಬರ್ತಿರಲಿಲ್ಲ ಅಂತ ಕಾಣುತ್ತೆ."

ಕಾರ್ಡು ಈಗ ನನ್ನ ಹತ್ತಿರ ಇದೆ. ಕಳೆದ ನಾಲ್ಕು ಶನಿವಾರವೂ ಅದನ್ನು ಜೇಬಿನಲ್ಲಿಟ್ಟುಕೊಂಡು ನಮ್ಮ ಗೇಟಿನ ತನಕ ಹೋಗಿದ್ದೇನೆ. ಅವರಾದರೂ ಅಲ್ಲಿಂದ ಹಿಂದಿರುಗುತ್ತಿದ್ದರು. ನಾನು ಅಗುಳಿ ತೆಗೆದು ಒಳಗೆ ಹೋಗಿ, ಅಕ್ಕ ಕೊಟ್ಟ ಕಾಫಿ ಕುಡಿದು, ಭಾನುವಾರ ಬೇಗ ಎದ್ದು ಚಾಪೆ ಹಾಸಿ ಬರುತ್ತಿದ್ದೇನೆ.